ಅರ್ಧ ಕಥೆಗೆ ಪೂರ್ತಿ ಅಂಕ

2016ರ ಮೇ 25ರಂದು ಅಮೆರಿಕದ ಕಾಮಿಕ್ಸ್ ಮಳಿಗೆಗಳಿಗೆ ‘ಕ್ಯಾಪ್ಟನ್ ಅಮೆರಿಕ: ಸ್ಟೀವ್ ರೋಜರ್ಸ್’ ಮಾಲಿಕೆಯ ಮೊದಲ ಸಂಚಿಕೆ ಬಂತು. ಅದರ ಕೊನೆಯ ಪುಟದಲ್ಲಿ ನಾಯಕ ಸ್ಟೀವ್ ಹೈಡ್ರಾಗೆ ಜೈಕಾರ ಹಾಕಿಬಿಟ್ಟ. ಹೈಡ್ರಾ ಎಂದರೆ ಮಾರ್ವೆಲ್ ಕಥಾಲೋಕದಲ್ಲಿ ನಾಜಿಗಳ ನೆರಳಲ್ಲಿ ಬೆಳೆದ ಸಂಘಟನೆ. ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯುವ ಮೊದಲೇ ಹಿಟ್ಲರನ ದವಡೆಗೆ ಗುದ್ದುತ್ತ ಮುಖಪುಟಕ್ಕೆ ಬಂದವನು ಕ್ಯಾಪ್ಟನ್ ಅಮೆರಿಕ. ಅವನನ್ನು ಸೃಷ್ಟಿಸಿದ ಜೋ ಸೈಮನ್ ಮತ್ತು ಜಾಕ್ ಕರ್ಬಿ ಇಬ್ಬರೂ ಯಹೂದಿಗಳು. ಅಂಥವನು ಹೈಡ್ರಾದ ಗುಪ್ತಚರ ಎಂದರೆ ಓದುಗರು ಸುಮ್ಮನಿರಲು ಸಾಧ್ಯವಿರಲಿಲ್ಲ. ಕೆಲವರು ಸಂಚಿಕೆಗೆ ಬೆಂಕಿ ಹಚ್ಚಿ ವಿಡಿಯೊ ಮಾಡಿದರು. ಕಥೆಗಾರ ನಿಕ್ ಸ್ಪೆನ್ಸರ್ ಅವರಿಗೆ ಕೊಲೆ ಬೆದರಿಕೆಗಳು ಬಂದವು. ಅದೇ ವಾರ ಅದೇ ಸಂಚಿಕೆಯನ್ನು ದಿಟ್ಟ ಪ್ರಯೋಗವೆಂದು ಮೆಚ್ಚಿದ ವಿಮರ್ಶಕರೂ ಇದ್ದರು.

ಬೈದವರು, ಹೊಗಳಿದವರು ಎಲ್ಲರ ಕೈಯಲ್ಲೂ ಇದ್ದದ್ದು ಆ ಒಂದೇ ಸಂಚಿಕೆ. ಖಳನಾಯಕ ರೆಡ್ ಸ್ಕಲ್‌ನ ಮಾತಿಗೆ ಮರುಳಾದ ಅದ್ಭುತ ಶಕ್ತಿಯ ಮಗುವೊಂದು ಸ್ಟೀವ್‌ನ ಗತಕಾಲವನ್ನೇ ತಿದ್ದಿಬಿಟ್ಟಿದೆ ಎಂಬುದು ಮುಂದಿನ ತಿಂಗಳ ಸಂಚಿಕೆಯಲ್ಲಿ ಗೊತ್ತಾಯಿತು. ಕಥೆ ಪೂರ್ತಿ ಮುಗಿದದ್ದು 2017ರ ಆಗಸ್ಟ್‌ನಲ್ಲಿ, ‘ಸೀಕ್ರೆಟ್ ಎಂಪೈರ್’ ಮಾಲಿಕೆಯೊಂದಿಗೆ. ಸೂಪರ್‌ಹೀರೊ ಕಥೆಗಳ ವಿಷಯದಲ್ಲಿ ವಿಮರ್ಶಕರನ್ನು ನಂಬಬೇಕೋ ಅಭಿಮಾನಿಗಳನ್ನೋ ಎಂಬ ಜಗಳ ಅಂದಿನಿಂದ ಇಂದಿನವರೆಗೂ ನಿಂತಿಲ್ಲ. ಆ ಪ್ರಶ್ನೆಯೇ ಸರಿಯಿಲ್ಲ ಎಂಬುದು ನನ್ನ ನಿಲುವು. ಮಾತಾಡುವವರು ಎಷ್ಟು ಓದಿ ಮಾತಾಡುತ್ತಿದ್ದಾರೆ, ಅವರು ಕೊಟ್ಟ ಕಾರಣವನ್ನು ನಾವು ಪುಟ ತೆರೆದು ಪರೀಕ್ಷಿಸಬಹುದೇ ಎಂಬುದನ್ನು ಮೊದಲು ಕೇಳಬೇಕು.

ಒಂದೇ ಸಂಚಿಕೆ ಓದಿ ತೀರ್ಪು ಕೊಡುವ ಆತುರದ ಬೇರು ವ್ಯಾಪಾರದಲ್ಲಿದೆ. ಒಂದು ಮಾಸಿಕ ಸಂಚಿಕೆಯಲ್ಲಿ ಕಥೆಗೆ ಸಿಗುವುದು ಸುಮಾರು 20 ಪುಟ. ಮಳಿಗೆಯವರು ಎಷ್ಟು ಪ್ರತಿ ಬೇಕೆಂದು ವಾರಗಳಷ್ಟು ಮೊದಲೇ ಹೇಳಿಬಿಡಬೇಕು. ಮಾರಾಟವಾಗದೆ ಉಳಿದದ್ದನ್ನು ಸಾಮಾನ್ಯವಾಗಿ ಹಿಂತಿರುಗಿಸುವಂತಿಲ್ಲ. ಆದ್ದರಿಂದ ಸಂಚಿಕೆ ಬರುವ ಮುಂಚೆಯೇ ಸದ್ದು ಎಬ್ಬಿಸುವುದು ಪ್ರಕಾಶಕರಿಗೆ ಅನಿವಾರ್ಯವಾಗುತ್ತದೆ. ವಿಮರ್ಶಕರಿಗೆ ಮುಂಗಡ ಪ್ರತಿ ಕಳುಹಿಸುವವರೂ, ಕಥೆಗಾರರ ಸಂದರ್ಶನ ಕೊಡಿಸುವವರೂ ಅವರೇ. ಈ ವಿಮರ್ಶಕರಲ್ಲಿ ಬಹಳಷ್ಟು ಮಂದಿ ಸಂಬಳವಿಲ್ಲದೆ, ಪ್ರೀತಿಗಾಗಿ ಬರೆಯುವವರು. ಅವರು ಸುಳ್ಳು ಬರೆಯುತ್ತಾರೆಂದು ನಾನು ಹೇಳುವುದಿಲ್ಲ. ಆದರೆ ಮುಂದಿನ ತಿಂಗಳೂ ಪ್ರತಿ ಬರಬೇಕೆಂದು ಆಸೆಪಡುವವರ ಕೈ ನಾಲ್ಕು ಅಂಕ ಕೊಡಬೇಕಾದಲ್ಲಿ ಆರರ ಕಡೆಗೆ ವಾಲುವುದು ಸಹಜ. ಇನ್ನು ಕೊನೆಯ ಪುಟದ ಆಘಾತ ಇರುವುದೇ ಮುಂದಿನ ಸಂಚಿಕೆಯನ್ನು ಮಾರುವುದಕ್ಕೆ. ಓದುಗ ಬೆಚ್ಚಿಬಿದ್ದ ಎಂದರೆ ಆ ತಂತ್ರ ಫಲಿಸಿತು ಎಂದಷ್ಟೇ ಅರ್ಥ. ಕಥೆಯ ಗುಣದ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ.

ಹಾಗಾದರೆ ಅಭಿಮಾನಿಗಳ ಕೋಪವನ್ನು ಕಡೆಗಣಿಸಬಹುದೇ? ಸ್ಪೈಡರ್‌ಮ್ಯಾನ್‌ನ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ.

2012ರ ಡಿಸೆಂಬರ್‌ನಲ್ಲಿ ಬಂದ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 700ನೇ ಸಂಚಿಕೆಯ ಹೊತ್ತಿಗೆ, ಸಾವಿನಂಚಿನಲ್ಲಿದ್ದ ಖಳ ಡಾಕ್ಟರ್ ಆಕ್ಟೋಪಸ್, ಸ್ಪೈಡರ್‌ಮ್ಯಾನ್ ಆಗಿರುವ ಪೀಟರ್ ಪಾರ್ಕರ್‌ನ ದೇಹವನ್ನು ವಶಪಡಿಸಿಕೊಂಡಿದ್ದ. ಆ ಸಂಚಿಕೆಯಲ್ಲಿ ಪೀಟರ್ ಆ ಮುದುಕನ ಜರ್ಜರ ದೇಹದಲ್ಲಿ ಸಿಲುಕಿ ಸತ್ತ. ಕಥೆಗಾರ ಡ್ಯಾನ್ ಸ್ಲಾಟ್ ಅವರಿಗೂ ಕೊಲೆ ಬೆದರಿಕೆಗಳು ಬಂದವು. ಮುಂದೆ 31 ಸಂಚಿಕೆಗಳಲ್ಲಿ ನಡೆದ ‘ಸುಪೀರಿಯರ್ ಸ್ಪೈಡರ್‌ಮ್ಯಾನ್’ ಮಾಲಿಕೆ ಓದುಗರನ್ನು ಮೆಲ್ಲಗೆ ಗೆದ್ದುಕೊಂಡಿತು. ಪೀಟರ್‌ಗಿಂತ ತಾನೇ ಉತ್ತಮ ನಾಯಕನಾಗಬಲ್ಲೆ ಎಂಬ ಖಳನ ಅಹಂಕಾರ ಒಂದೊಂದೇ ಹೆಜ್ಜೆಗೆ ಮುರಿದು, ಕೊನೆಗೆ ಅವನೇ ಸೋಲೊಪ್ಪಿ ದೇಹವನ್ನು ಪೀಟರ್‌ಗೆ ಬಿಟ್ಟುಕೊಡುತ್ತಾನೆ. ಪೀಟರ್ ಯಾಕೆ ನಾಯಕ ಎಂಬುದನ್ನು ಪೀಟರ್‌ನ ಗೈರುಹಾಜರಿಯಲ್ಲಿ ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಕಥೆಯನ್ನು ನಾನು ಓದಿಲ್ಲ. ಮೊದಲ ವಾರದ ತೀರ್ಪು ಇಲ್ಲಿ ನಿಲ್ಲಲಿಲ್ಲ.

ಇನ್ನೊಂದು ಕಥೆ 2007ರ ‘ಒನ್ ಮೋರ್ ಡೇ’. ಗುಂಡೇಟು ತಿಂದು ಸಾಯುತ್ತಿರುವ ಮೇ ಚಿಕ್ಕಮ್ಮನನ್ನು ಉಳಿಸಿಕೊಳ್ಳಲು ಪೀಟರ್ ಮತ್ತು ಅವನ ಹೆಂಡತಿ ಮೇರಿ ಜೇನ್ ಮೆಫಿಸ್ಟೊ ಎಂಬ ಸೈತಾನನ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಅವನು ಕೇಳಿದ ಬೆಲೆ ಅವರ ಮದುವೆ. 1987ರಲ್ಲಿ ನಡೆದ ಆ ಮದುವೆ ನಡೆದೇ ಇಲ್ಲವೆಂಬಂತೆ ಎಲ್ಲರ ನೆನಪಿನಿಂದ ಅಳಿಸಿಹೋಗುತ್ತದೆ. ಮದುವೆ ಪಾತ್ರಕ್ಕೆ ವಯಸ್ಸು ತರುತ್ತದೆ, ಕಥೆಯ ದಾರಿಗಳನ್ನು ಮುಚ್ಚುತ್ತದೆ ಎಂದು ಮಾರ್ವೆಲ್‌ನ ಆಗಿನ ಪ್ರಧಾನ ಸಂಪಾದಕ ಜೋ ಕೆಸಾಡಾ ಬಹಿರಂಗವಾಗಿಯೇ ಹೇಳುತ್ತಿದ್ದರು. ಈ ಕಥೆಗೆ ಚಿತ್ರ ಬರೆದವರೂ ಅವರೇ. ಕಥೆಗಾರ ಜೆ. ಮೈಕೆಲ್ ಸ್ಟ್ರಾಜಿನ್‌ಸ್ಕಿ ಅವರಿಗೆ ಅಂತ್ಯ ಎಷ್ಟು ಹಿಡಿಸಲಿಲ್ಲವೆಂದರೆ, ಕೊನೆಯ ಭಾಗಗಳಿಂದ ತಮ್ಮ ಹೆಸರನ್ನೇ ತೆಗೆಸಲು ಯೋಚಿಸಿದ್ದಾಗಿ ಅವರು ಹೇಳಿಕೊಂಡರು.

ಈ ಕಥೆಯ ಮೇಲಿನ ಸಿಟ್ಟು ಇಷ್ಟು ವರ್ಷವಾದರೂ ಆರಿಲ್ಲ. ಓದುಗರು ಕೊಟ್ಟ ಕಾರಣ ಕಥೆಯೊಳಗಿನದೇ ಆಗಿತ್ತು. ಒಮ್ಮೆ ಹೊಣೆ ಮರೆತದ್ದಕ್ಕೆ ಬೆನ್ ಚಿಕ್ಕಪ್ಪನನ್ನು ಕಳೆದುಕೊಂಡು, ಆ ಪಾಠದ ಮೇಲೇ ಬದುಕು ಕಟ್ಟಿಕೊಂಡವನು ಪೀಟರ್. ಅವನು ದುಃಖದಿಂದ ಪಾರಾಗಲು ಸೈತಾನನ ಮೊರೆ ಹೋಗುತ್ತಾನೆ. ತಾನು ತೆತ್ತ ಬೆಲೆಯ ನೆನಪೂ ಅವನಿಗೆ ಉಳಿಯುವುದಿಲ್ಲ. ಈ ಆಕ್ಷೇಪವನ್ನು ಯಾರು ಬೇಕಾದರೂ ಪುಟ ತಿರುವಿ ನೋಡಿ ಒಪ್ಪಬಹುದು, ತಳ್ಳಿಹಾಕಲೂಬಹುದು. 2024ರ ಜನವರಿಯಲ್ಲಿ ಜೊನಾಥನ್ ಹಿಕ್‌ಮನ್ ಬರೆದ, ಮಾರ್ಕೊ ಕೆಕೆಟ್ಟೊ ಚಿತ್ರಿಸಿದ ಹೊಸ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಶುರುವಾಯಿತು. ಅದರಲ್ಲಿ ಪೀಟರ್‌ಗೆ ಮೇರಿ ಜೇನ್ ಜೊತೆ ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ. ಮೊದಲ ಸಂಚಿಕೆಗೆ ಮತ್ತೆ ಮತ್ತೆ ಮರುಮುದ್ರಣ ಬೇಕಾಯಿತು. ಸಂಸಾರಸ್ಥ ಪೀಟರ್ ಬೇಸರ ತರಿಸುತ್ತಾನೆ ಎಂಬ ಸಂಪಾದಕರ ವಾದಕ್ಕೆ ಓದುಗರು ದುಡ್ಡು ಕೊಟ್ಟೇ ಉತ್ತರ ಹೇಳಿದಂತಾಯಿತು.

ಎರಡೂ ಸಂದರ್ಭಗಳಲ್ಲಿ ಗದ್ದಲ ಜೋರಾಗಿಯೇ ಇತ್ತು. ಗದ್ದಲವನ್ನು ಅಳೆದು ಯಾವುದು ಉಳಿಯುವ ಆಕ್ಷೇಪ ಎಂದು ಹೇಳಲಾಗುತ್ತಿರಲಿಲ್ಲ. ‘ನನ್ನ ಪೀಟರ್‌ನನ್ನು ಕೊಂದರು’ ಎಂಬ ಸಂಕಟಕ್ಕೆ ಕಥೆ ಮುಂದುವರಿದಾಗ ಪರಿಹಾರ ಸಿಗಬಹುದು. ‘ಪಾತ್ರದ ತಿರುಳನ್ನೇ ಮುರಿದರು’ ಎಂಬ ಮಾತು ಕಥೆ ಮುಗಿದ ಮೇಲೂ ಉಳಿಯುತ್ತದೆ. ಕ್ಯಾಪ್ಟನ್ ಅಮೆರಿಕ ಪ್ರಕರಣದಲ್ಲಿ ಇವೆರಡೂ ಕಲಸಿಹೋಗಿದ್ದವು. ತಾಳ್ಮೆಯಿಂದ ಕಾಯಿರಿ, ಎಲ್ಲ ಸರಿಹೋಗುತ್ತದೆ ಎಂದು ಮಾರ್ವೆಲ್ ಕೇಳಿಕೊಂಡಿತು. ನಿಜವಾದ ಸ್ಟೀವ್ ಕೊನೆಗೆ ಮರಳಿಯೂ ಬಂದ. ಆದರೆ ನಾಜಿ ದ್ವೇಷದ ವಿರುದ್ಧ ಯಹೂದಿ ಕಲಾವಿದರು ನಿಲ್ಲಿಸಿದ ಪ್ರತೀಕವನ್ನು ಮಾರಾಟದ ತಿರುವಿಗೆ ಬಳಸಬಹುದೇ ಎಂದು ಕೇಳಿದವರಿಗೆ ಕಥೆಯ ಸುಖಾಂತ್ಯ ಉತ್ತರವಾಗಲಾರದು. ಆ ಪ್ರಶ್ನೆ ಕೇಳಲು ಮೊದಲ ಸಂಚಿಕೆಯೇ ಸಾಕಿತ್ತು ಎಂಬುದನ್ನು ಒಪ್ಪುತ್ತೇನೆ.

ಇಂಥ ಕಾರಣಗಳನ್ನೆಲ್ಲ ಒಂದು ಅಂಕಿಗೆ ಇಳಿಸಿದಾಗ ವಿಶ್ವಾಸಾರ್ಹತೆ ಕುಸಿಯುತ್ತದೆ. 1988ರಲ್ಲಿ ಡಿಸಿ ಸಂಸ್ಥೆ ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್, ಅಂದರೆ ಜೇಸನ್ ಟಾಡ್, ಬದುಕಬೇಕೋ ಸಾಯಬೇಕೋ ಎಂದು ದೂರವಾಣಿ ಮತದಾನ ನಡೆಸಿತು. ಒಂದು ಕರೆಗೆ 50 ಸೆಂಟ್, ಅವಧಿ 36 ಗಂಟೆ. ಸಾಯಲಿ ಎಂದವು 5,343 ಕರೆಗಳು, ಬದುಕಲಿ ಎಂದವು 5,271. ಕೇವಲ 72 ಕರೆಗಳ ಅಂತರದಲ್ಲಿ ಹುಡುಗ ಸತ್ತ. ಯಾರೋ ಒಬ್ಬರು ಕಂಪ್ಯೂಟರ್‌ಗೆ ನಿರ್ದೇಶನ ಕೊಟ್ಟು ಗಂಟೆಗಟ್ಟಲೆ ಸಾವಿನ ಸಂಖ್ಯೆಗೇ ಕರೆ ಮಾಡಿಸಿದರೆಂದು ಕೇಳಿದ್ದಾಗಿ ಸಂಪಾದಕ ಡೆನ್ನಿಸ್ ಓ’ನೀಲ್ ಅವರೇ ಮುಂದೆ ಹೇಳಿದರು. ಜೇಸನ್ 2005ರಲ್ಲಿ ಕಥೆಗೆ ಮರಳಿದ. ರೆಡ್ ಹುಡ್ ಆಗಿ ಇಂದು ಅವನಿಗೆ ದೊಡ್ಡ ಅಭಿಮಾನಿ ಬಳಗವೇ ಇದೆ.

ಸಿನಿಮಾಕ್ಕೆ ಬಂದರೆ ಇದೇ ರೋಗ ಇನ್ನೂ ಉಲ್ಬಣಿಸಿದೆ. ಹಾಲಿವುಡ್ ಚಿತ್ರದ ಸುದ್ದಿ ಬರೆಯುವಾಗ ನಮ್ಮ ಪತ್ರಿಕೆಗಳೂ ಎತ್ತಿ ತೋರಿಸುವ ರಾಟನ್ ಟೊಮ್ಯಾಟೊಸ್ ಜಾಲತಾಣದ ಶೇಕಡಾವಾರು ಚಿತ್ರಕ್ಕೆ ಸಿಕ್ಕ ಅಂಕವಲ್ಲ. ಎಷ್ಟು ವಿಮರ್ಶಕರು ಒಟ್ಟಾರೆ ಮೆಚ್ಚಿದರು ಎಂಬುದರ ಲೆಕ್ಕ ಅದು. ನೂರಕ್ಕೆ ನೂರು ಮಂದಿ ‘ಪರವಾಗಿಲ್ಲ’ ಎಂದರೂ ಅದು ಶೇ 100 ಎಂದೇ ತೋರಿಸುತ್ತದೆ. 2016ರಲ್ಲಿ ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ ಚಿತ್ರಕ್ಕೆ ಶೇ 30ನ್ನೂ ದಾಟದ ಫಲಿತಾಂಶ ಬಂದಾಗ, ವಿಮರ್ಶಕರು ಮಾರ್ವೆಲ್‌ನ ಒಡೆಯ ಡಿಸ್ನಿಯಿಂದ ಹಣ ಪಡೆದಿದ್ದಾರೆ ಎಂದು ಡಿಸಿ ಅಭಿಮಾನಿಗಳು ಕೂಗಾಡಿದರು. ಆ ತಾಣವನ್ನು ಮುಚ್ಚಬೇಕೆಂದು ‘ಸುಯಿಸೈಡ್ ಸ್ಕ್ವಾಡ್’ ಬಿಡುಗಡೆಯ ವೇಳೆ ಸಹಿ ಸಂಗ್ರಹವೂ ನಡೆಯಿತು. ಡಿಸಿ ಚಿತ್ರಗಳನ್ನು ತಯಾರಿಸುವ ವಾರ್ನರ್ ಬ್ರದರ್ಸ್‌ಗೇ ಆ ತಾಣದ ಒಡೆತನದಲ್ಲಿ ಪಾಲಿತ್ತು ಎಂಬುದನ್ನು ಅವರು ನೋಡಲಿಲ್ಲ. ಪ್ರೇಕ್ಷಕರ ಅಂಕಿಗಳೂ ಇದಕ್ಕಿಂತ ಮೇಲೇನಲ್ಲ. 2019ರಲ್ಲಿ ‘ಕ್ಯಾಪ್ಟನ್ ಮಾರ್ವೆಲ್’ ಬಿಡುಗಡೆಗೆ ಮೊದಲೇ, ಯಾರೂ ನೋಡದ ಚಿತ್ರದ ಮೇಲೆ ದ್ವೇಷದ ಮಳೆ ಸುರಿಯಿತು. ತಾಣವು ಬಿಡುಗಡೆಪೂರ್ವ ಅಭಿಪ್ರಾಯಗಳ ವಿಭಾಗವನ್ನೇ ತೆಗೆದುಹಾಕಿತು. ಜಾಕ್ ಸ್ನೈಡರ್ ಅವರ ‘ಜಸ್ಟಿಸ್ ಲೀಗ್’ ಆವೃತ್ತಿಗಾಗಿ ನಡೆದ ಆಂದೋಲನದಲ್ಲಿ ಕನಿಷ್ಠ ಶೇ 13ರಷ್ಟು ಖಾತೆಗಳು ನಕಲಿ ಎಂದು ಸ್ಟುಡಿಯೊ ಮಾಡಿಸಿದ ವಿಶ್ಲೇಷಣೆ ಹೇಳಿದ್ದನ್ನು 2022ರಲ್ಲಿ ರೋಲಿಂಗ್ ಸ್ಟೋನ್ ವರದಿ ಮಾಡಿತು. ಉಳಿದವರು ನಿಜವಾದ ಮನುಷ್ಯರೇ, ಅವರ ಪ್ರೀತಿಯೂ ನಿಜವೇ. ಆದರೆ ಅಂಕಿಯೊಳಗೆ ಸೇರಿಹೋದ ಮೇಲೆ ಅವರನ್ನು ನಕಲಿಗಳಿಂದ ಬೇರ್ಪಡಿಸುವುದು ಹೇಗೆ?

ಅಭಿಮಾನಿಯ ಅಭಿಪ್ರಾಯ ಎಷ್ಟು ಗಟ್ಟಿಯಾಗಿರಬಲ್ಲದು ಎನ್ನುವುದಕ್ಕೆ ಗೇಲ್ ಸಿಮೋನ್ ಅವರ ಕೆಲಸ ನನಗೆ ಮಾದರಿಯಾಗಿ ಕಾಣುತ್ತದೆ. 1994ರ ‘ಗ್ರೀನ್ ಲ್ಯಾಂಟರ್ನ್’ ಕಥೆಯೊಂದರಲ್ಲಿ ನಾಯಕನ ಗೆಳತಿಯನ್ನು ಕೊಂದು ಫ್ರಿಜ್‌ನೊಳಗೆ ತುರುಕಿದ್ದ ದೃಶ್ಯವಿತ್ತು. 1999ರಲ್ಲಿ, ಆಗ ಬರೀ ಓದುಗರಾಗಿದ್ದ ಸಿಮೋನ್, ಕೊಲೆಯಾದ, ಅತ್ಯಾಚಾರಕ್ಕೊಳಗಾದ, ಶಕ್ತಿ ಕಳೆದುಕೊಂಡ ಕಾಮಿಕ್ಸ್ ಸ್ತ್ರೀಪಾತ್ರಗಳ ಪಟ್ಟಿ ಮಾಡಿ ಪ್ರಕಟಿಸಿದರು. ಕಾಮಿಕ್ಸ್ ಸೃಷ್ಟಿಕರ್ತರ ಅಭಿಪ್ರಾಯ ಕೇಳಿ, ಬಂದ ಪ್ರತಿಕ್ರಿಯೆಗಳನ್ನೂ ಜೊತೆಗೇ ಇಟ್ಟರು. ಅದರಲ್ಲಿ ಅಂಕವಿರಲಿಲ್ಲ, ಹೆಸರುಗಳಿದ್ದವು. ಒಪ್ಪದವರು ಒಂದೊಂದೇ ಹೆಸರನ್ನು ಎತ್ತಿಕೊಂಡು ವಾದಿಸಬಹುದಿತ್ತು, ವಾದಿಸಿದರು ಕೂಡ. ಮುಂದೆ ಸಿಮೋನ್ ಡಿಸಿಗೇ ‘ಬರ್ಡ್ಸ್ ಆಫ್ ಪ್ರೇ’ ಬರೆದರು. ನಾಯಕನಿಗೆ ರೋಷ ಬರಿಸಲೆಂದೇ ಹೆಣ್ಣನ್ನು ಕೊಲ್ಲುವ ಚಾಳಿಯನ್ನು ಇಂದಿಗೂ ಚಿತ್ರಕಥೆಗಾರರು ಆ ಫ್ರಿಜ್‌ನ ಹೆಸರಿನಿಂದಲೇ ಗುರುತಿಸುತ್ತಾರೆ.

ಕಾಮಿಕ್ಸ್ ವಿಮರ್ಶೆಯಿಂದ ನಾನು ಬಯಸುವುದೂ ಇಂಥದ್ದನ್ನೇ. ಆರು ಸಂಚಿಕೆಗಳ ಕಥೆಯಲ್ಲಿ ಎಷ್ಟನೆಯದನ್ನು ಓದಿ ಬರೆಯುತ್ತಿದ್ದೇನೆ, ಪ್ರತಿ ಎಲ್ಲಿಂದ ಬಂತು ಎಂಬುದನ್ನು ವಿಮರ್ಶಕರು ಮೇಲೆಯೇ ಹೇಳಲಿ. ಮೊದಲ ಸಂಚಿಕೆಗೆ ಅಂಕ ಕೊಡುವುದನ್ನು ನಿಲ್ಲಿಸಲಿ, ಕಥೆ ಮುಗಿದ ಮೇಲೆ ಮರಳಿ ಬಂದು ಇನ್ನೊಮ್ಮೆ ಬರೆಯಲಿ. ಇದರ ಪ್ರಯೋಜನ ಅಮೆರಿಕದ ಓದುಗರಿಗಿಂತ ನಮಗೇ ಹೆಚ್ಚು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಲ್ಲಿ ಈ ಕಥೆಗಳು ಹೆಚ್ಚಾಗಿ ಸಿಗುವುದು ಐದಾರು ಸಂಚಿಕೆಗಳನ್ನು ಒಟ್ಟುಗೂಡಿಸಿದ ಸಂಪುಟಗಳಾಗಿ. ಸಂಚಿಕೆ ಬಿಡುಗಡೆಯಾದ ದಿನದ ಬಿಸಿಯಲ್ಲಿ ಬರೆದ ವಿಮರ್ಶೆಯಿಂದ ಅವನ್ನು ಕೊಳ್ಳುವ ಓದುಗರಿಗೆ ಹೆಚ್ಚೇನೂ ಸಿಗುವುದಿಲ್ಲ. ಸಂಪುಟಕ್ಕೆ ಸಾವಿರ ರೂಪಾಯಿಯಷ್ಟು ತೆತ್ತು ಇಡೀ ಕಥೆಯನ್ನು ಮನೆಗೆ ಒಯ್ಯುವವರಿಗೆ ಇಡೀ ಕಥೆಯನ್ನು ಓದಿದವರ ಮಾತು ಬೇಕು.