ಸಾಲಮನ್ನಾ ಜಾತ್ರೆ ಬೇಡ, ವರ್ಷವಿಡೀ ತೆರೆದ ಬಾಗಿಲು ಬೇಕು

ಮೊನ್ನೆ ಸಂಜೆ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳಲು ನಿಂತಿದ್ದೆ. ಸೊಪ್ಪಿನ ಅಕ್ಕ ಕಟ್ಟಿನ ಜೊತೆಗೆ, ಮಡಿಚಿ ಮಡಿಚಿ ಸವೆದುಹೋದ ಒಂದು ಕಾಗದವನ್ನೂ ಕೈಗಿಟ್ಟರು. "ಅಣ್ಣ, ನೀವು ಪೇಪರ್‌ನೋರಲ್ವಾ, ಇದು ಇನ್ನೂ ನಡೀತದಾ ನೋಡಿ ಹೇಳಿ" ಅಂದರು. ನೋಡಿದರೆ, 2019ರಲ್ಲಿ ಜೆರಾಕ್ಸ್ ಅಂಗಡಿಗಳಲ್ಲಿ ಮಾರುತ್ತಿದ್ದ ಋಣ ಪರಿಹಾರದ ಅರ್ಜಿ ನಮೂನೆ. ಪಕ್ಕದ ಮನೆಯವರಿಗೆಂದು ತಂದದ್ದರಲ್ಲಿ ಒಂದು ಪ್ರತಿ ಉಳಿದಿತ್ತಂತೆ. ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

"ಇಲ್ಲಕ್ಕಾ, ಅದರ ವಾಯಿದೆ ಎಂದೋ ಮುಗೀತು" ಅಂದೆ.

"ಹಂಗಾರೆ ಮತ್ತೆ ಯಾವಾಗ ಬುಡ್ತಾರೆ?"

ಅರಸೀಕೆರೆ ಬಸ್ಸು ಯಾವಾಗ ಬಿಡ್ತಾರೆ ಅಂತ ಕೇಳಿದ ಹಾಗಿತ್ತು. ನಕ್ಕುಬಿಡಬಹುದಿತ್ತು. ಆದರೆ ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಬಸ್ಸಿಗಾದರೂ ಒಂದು ವೇಳಾಪಟ್ಟಿ ಅಂತ ಇರುತ್ತದೆ. ಬಡವನ ಋಣಮುಕ್ತಿಗೆ ಅದೂ ಇಲ್ಲ.

ಆಕೆಯ ಲೆಕ್ಕ ಕೇಳಿ. 2021ರಲ್ಲಿ ಕೋವಿಡ್ ಹೊತ್ತಿನಲ್ಲಿ ಗಂಡನನ್ನು ಆಸ್ಪತ್ರೆಗೆ ಸೇರಿಸಿದಾಗ ಕೈಸಾಲ ತಂದದ್ದು 20 ಸಾವಿರ. ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 2 ಸಾವಿರ. ನಾಲ್ಕು ವರ್ಷ ಕಟ್ಟಿದ ಬಡ್ಡಿಯೇ 96 ಸಾವಿರ. ಅಸಲು? ಕಲ್ಲಿನ ಹಾಗೆ ಅಲ್ಲೇ ಕೂತಿದೆ! ನಮ್ಮ ರಾಜ್ಯದ ಲೇವಾದೇವಿ ನಿಯಮದ ಪ್ರಕಾರ ಅಡವಿಲ್ಲದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 16, ಅಡವಿಟ್ಟ ಸಾಲಕ್ಕೆ 14 ಮೀರಬಾರದು. ಆ ಲೆಕ್ಕದಲ್ಲಿ ನಾಲ್ಕು ವರ್ಷದ ಬಡ್ಡಿ 12,800 ಆಗಬೇಕಿತ್ತು. ಉಳಿದ 83 ಸಾವಿರ ಚಿಲ್ಲರೆ ಎಲ್ಲಿ ಹೋಯ್ತು ಅಂತ ಯಾರು ಯಾರನ್ನು ಕೇಳಬೇಕು?

ಈಗ ಆ ಅರ್ಜಿಯ ಕಥೆಗೆ ಬರೋಣ. ಕರ್ನಾಟಕ ಋಣ ಪರಿಹಾರ ಅಧಿನಿಯಮ, 2018 ಅಂತ ಅದರ ಹೆಸರು. ರಾಷ್ಟ್ರಪತಿಗಳ ಅಂಕಿತ ಬಿದ್ದು ಜಾರಿಗೆ ಬಂದದ್ದು 2019ರ ಜುಲೈ 23ರಂದು. ಅದೇ ದಿನ ಸಂಜೆ ಕುಮಾರಸ್ವಾಮಿ ಸರ್ಕಾರ ವಿಶ್ವಾಸಮತ ಕಳೆದುಕೊಂಡಿತು. ಸರ್ಕಾರ ಬಿತ್ತು, ಕಾನೂನು ಉಳಿಯಿತು. ಉಪವಿಭಾಗಾಧಿಕಾರಿಗಳೇ ನೋಡಲ್ ಅಧಿಕಾರಿ, 90 ದಿನದೊಳಗೆ ಅರ್ಜಿ ಕೊಡಬೇಕು ಅಂದರು. ಆ ಮೂರು ತಿಂಗಳು ರಾಜ್ಯದ ಎ.ಸಿ. ಕಚೇರಿಗಳ ಮುಂದೆ ಹೆಂಗಸರ ಸಾಲೋ ಸಾಲು.

ಸಾಲಿನಲ್ಲಿ ನಿಂತ ಎಷ್ಟೋ ಜನರಿಗೆ ತಾವು ಅರ್ಹರೋ ಅಲ್ಲವೋ ಎಂಬುದೇ ಗೊತ್ತಿರಲಿಲ್ಲ. ಆ ಕಾನೂನಿಗೆ ಮೂರು ಹೊಸ್ತಿಲುಗಳಿದ್ದವು. ಮೊದಲನೆಯದು, ನೀವು ಯಾರು? ಸಣ್ಣ ರೈತ, ಭೂಮಿ ಇಲ್ಲದ ಕೃಷಿ ಕೂಲಿ, ಇಲ್ಲವೇ ವರ್ಷಕ್ಕೆ 1 ಲಕ್ಷ 20 ಸಾವಿರ ಮೀರದ ಆದಾಯದ ದುರ್ಬಲ ವರ್ಗದವರು. ಎರಡನೆಯದು, ಯಾರ ಹತ್ತಿರ ತಂದ ಸಾಲ? ಖಾಸಗಿ ಲೇವಾದೇವಿಯವನದಾದರೆ ಸರಿ, ಬ್ಯಾಂಕಿನದೋ ಸಹಕಾರ ಸಂಘದ್ದೋ ಆದರೆ ಇಲ್ಲ. ಮೈಕ್ರೋ ಫೈನಾನ್ಸಿನ ವಾರದ ಕಂತು ಕಟ್ಟುವ ಹೆಂಗಸರು ದಿನಗೂಲಿ ಬಿಟ್ಟು ಬಂದು ಸಾಲಿನಲ್ಲಿ ನಿಂತು, "ನಿಮ್ಮದು ಬರಲ್ಲಮ್ಮ" ಅನ್ನಿಸಿಕೊಂಡು ಹೋದರು. ಮೂರನೆಯದು, ಯಾವತ್ತಿನ ಸಾಲ? ಕಾಯ್ದೆ ಜಾರಿಗೆ ಬರುವ ಮುಂಚಿನದಾಗಿರಬೇಕು.

ಈ ಮೂರನೇ ಹೊಸ್ತಿಲಲ್ಲೇ ನಮ್ಮ ಸೊಪ್ಪಿನ ಅಕ್ಕ ಎಡವಿದ್ದು. ಗಂಡನಿಗೆ ಕಾಯಿಲೆ ಬಂದದ್ದು ತಪ್ಪಲ್ಲ, ತಡವಾಗಿ ಬಂದದ್ದು ತಪ್ಪು!

ಹಿರಿಯ ಓದುಗರಿಗೆ ನೆನಪಿರಬಹುದು. ತುರ್ತುಪರಿಸ್ಥಿತಿ ಕಾಲದಲ್ಲಿ, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1976ರಲ್ಲೂ ಇಂಥದ್ದೊಂದು ಋಣ ಪರಿಹಾರ ಕಾಯ್ದೆ ಬಂದಿತ್ತು. ಅದರಿಂದ ಹಲವರು ಬದುಕಿಕೊಂಡರು, ಅಲ್ಲ ಅನ್ನುವುದಿಲ್ಲ. ಆದರೆ ಇವೆಲ್ಲ ಜಾತ್ರೆಯ ಲೆಕ್ಕ. ತೇರು ಎಳೆಯುವ ದಿನ ಊರಲ್ಲಿದ್ದವನಿಗೆ ಪ್ರಸಾದ, ಮಾರನೇ ದಿನ ಬಂದವನಿಗೆ ಖಾಲಿ ತಟ್ಟೆ. ಕಷ್ಟ ಮಾತ್ರ ಪಂಚಾಂಗ ನೋಡಿಕೊಂಡು ಬರುವುದಿಲ್ಲ.

ಹಾಗಾದರೆ ದಿನಾ ತೆರೆದಿರುವ ಬಾಗಿಲು ಎಲ್ಲಾದರೂ ಉಂಟೇ? ಉಂಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2009ರ ಏಪ್ರಿಲ್‌ನಿಂದ 'ಡೆಟ್ ರಿಲೀಫ್ ಆರ್ಡರ್' ಅಂತ ಒಂದು ಪದ್ಧತಿ ಇದೆ. ಸಾಲದಲ್ಲಿ ಮುಳುಗಿದ ಬಡವ ಯಾವತ್ತು ಬೇಕಾದರೂ ಮಾನ್ಯತೆ ಪಡೆದ ಸಲಹೆಗಾರರ ಹತ್ತಿರ ಹೋಗಬಹುದು. ಅವರು ಲೆಕ್ಕಪತ್ರ ನೋಡಿ ಅರ್ಜಿ ಹಾಕಿಸುತ್ತಾರೆ. ಕೋರ್ಟು ಹತ್ತಬೇಕಾಗಿಲ್ಲ, ಸರ್ಕಾರಿ ಅಧಿಕಾರಿಯೇ ಹುಕುಂ ಹೊರಡಿಸುತ್ತಾನೆ. 12 ತಿಂಗಳು ಆ ಸಾಲದವರು ಬಾಗಿಲು ಬಡಿಯುವ ಹಾಗಿಲ್ಲ. ಅಷ್ಟರಲ್ಲಿ ಅವನ ಸ್ಥಿತಿ ಸುಧಾರಿಸದಿದ್ದರೆ ಸಾಲ ರದ್ದು. ಬ್ಯಾಂಕಿನ ಸಾಲವೂ ಇದರಲ್ಲಿ ಸೇರುತ್ತದೆ.

ಅಲ್ಲಿಯೂ ಅರ್ಹತೆ, ನಿಯಮ ಎಲ್ಲಾ ಇದೆ. ಆದರೆ ಅವರು ಕೇಳುವ ಪ್ರಶ್ನೆ ನೋಡಿ. "ನಿನ್ನ ವರ್ಷದ ಆದಾಯ ಎಷ್ಟು" ಅಂತ ಅಲ್ಲ. ಬಾಡಿಗೆ, ಊಟ, ಬಸ್ಸು, ಮಕ್ಕಳ ಖರ್ಚು ಎಲ್ಲಾ ಕಳೆದು ತಿಂಗಳ ಕೊನೆಗೆ ನಿನ್ನ ಕೈಯಲ್ಲಿ ಉಳಿಯುವುದೆಷ್ಟು? 75 ಪೌಂಡ್ ಮೀರದಿದ್ದರೆ ಒಳಗೆ ಬಾ. ಒಟ್ಟು ಸಾಲದ ಮಿತಿ ಮೊದಲು 15 ಸಾವಿರ ಪೌಂಡ್ ಇತ್ತು. 2015ರಲ್ಲಿ 20 ಸಾವಿರ, 2021ರಲ್ಲಿ 30 ಸಾವಿರ, 2024ರ ಜೂನ್‌ನಲ್ಲಿ 50 ಸಾವಿರ ಮಾಡಿದರು. ಅರ್ಜಿಗೆ ಇದ್ದ 90 ಪೌಂಡ್ ಶುಲ್ಕವನ್ನೂ 2024ರ ಏಪ್ರಿಲ್‌ನಲ್ಲಿ ತೆಗೆದುಹಾಕಿದರು. ಸಾಲ ತೀರಿಸಲಾಗದವನ ಹತ್ತಿರ, ತೀರಿಸಲಾಗುವುದಿಲ್ಲ ಅಂತ ಹೇಳಿಕೊಳ್ಳುವುದಕ್ಕೂ ದುಡ್ಡು ಕೇಳುವುದು ಸರಿಯಲ್ಲ ಅಂತ ಅವರಿಗೆ ಹೊಳೆಯಲು ಹದಿನೈದು ವರ್ಷ ಬೇಕಾಯ್ತು. ಹೊಳೆಯಿತಲ್ಲ, ಅಷ್ಟೇ ಸಂತೋಷ.

ನಮ್ಮಲ್ಲಿ ಇಂಥದ್ದು ಬರೆದೇ ಇಲ್ಲವೇ? ಬರೆದಿದ್ದಾರೆ ಸ್ವಾಮಿ! 2016ರ ದಿವಾಳಿ ಸಂಹಿತೆಯಲ್ಲಿ 'ಹೊಸ ಆರಂಭ' ಎಂಬ ಒಂದು ಅಧ್ಯಾಯವೇ ಇದೆ. ಹೆಚ್ಚುಕಡಿಮೆ ಇಂಗ್ಲೆಂಡಿನದೇ ಅಚ್ಚು. ಆದರೆ ಅಳತೆ ನೋಡಿ. ವರ್ಷದ ಆದಾಯ 60 ಸಾವಿರ ಮೀರಬಾರದು. ಆಸ್ತಿ 20 ಸಾವಿರ ಮೀರಬಾರದು. ಸಾಲ 35 ಸಾವಿರ ಮೀರಬಾರದು. ತಿಂಗಳಿಗೆ 5 ಸಾವಿರದಲ್ಲಿ ಸಂಸಾರ ಮಾಡುವವನಿಗೆ ಸಾಲ ಕೊಡುವ ಪುಣ್ಯಾತ್ಮ ಯಾರು? ಇದರ ಮೇಲೆ ಇನ್ನೊಂದು ಷರತ್ತು: ಸ್ವಂತ ಮನೆ ಇರಬಾರದು, ಅದು ಅಡವಾಗಿದ್ದರೂ ಸರಿಯೇ. ಅಂದರೆ ಸರ್ಕಾರ ಒಂದು ಕೈಯಲ್ಲಿ ಆಶ್ರಯ ಮನೆ ಕೊಟ್ಟರೆ, ಇನ್ನೊಂದು ಕೈಯಲ್ಲಿ "ಮನೆ ಇದೆಯಲ್ಲ, ನೀನು ಬಡವನಲ್ಲ" ಅನ್ನುತ್ತದೆ. 2019ರ ಡಿಸೆಂಬರ್ 1ರಂದು ಆ ಭಾಗದ ಬಾಗಿಲು ತೆರೆದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಕೋಟಿ ಸಾಲದ ಜಾಮೀನುದಾರನಿಗೆ ದಾರಿ ಸಿಕ್ಕಿತು, ಸೊಪ್ಪಿನವಳ ಅಧ್ಯಾಯ ಪುಸ್ತಕದಲ್ಲೇ ಕೂತಿತು.

ಆದಾಯದ ಮಿತಿ ಅಂದೆನಲ್ಲ, ಅದನ್ನೂ ಸ್ವಲ್ಪ ನೋಡಿ. ರಾಜ್ಯದ ಕಾಯ್ದೆಯ 1 ಲಕ್ಷ 20 ಸಾವಿರ ಅಂದರೆ ತಿಂಗಳಿಗೆ 10 ಸಾವಿರ. ಬಿ.ಪಿ.ಎಲ್. ಕಾರ್ಡಿಗೂ ಇದೇ ಗೆರೆ. ಇವತ್ತು ಸರ್ಕಾರವೇ ಗೊತ್ತುಮಾಡಿರುವ ಕನಿಷ್ಠ ವೇತನ ಅದನ್ನು ದಾಟಿದೆ. ಬಟ್ಟೆ ಅಂಗಡಿಯ ಹುಡುಗನಿಗೆ ಯಜಮಾನರು ಕಾನೂನುಬದ್ಧವಾಗಿ ಸಂಬಳ ಕೊಟ್ಟರೆ ಅವನು ಅನರ್ಹ. ಕಡಿಮೆ ಕೊಟ್ಟು ಕಾನೂನು ಮುರಿದರೆ ಅವನು ಅರ್ಹ. ಇದೆಂಥ ತಕ್ಕಡಿ?

ಇದನ್ನೆಲ್ಲ ಸಂತೇಪೇಟೆಯ ದಿನಸಿ ಅಂಗಡಿ ಯಜಮಾನರೊಬ್ಬರ ಮುಂದೆ ಹೇಳಿದೆ. ಅವರು ಸುಮ್ಮನೆ ಗಲ್ಲಾದ ಕೆಳಗಿನಿಂದ ಉದ್ದರಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. "ಬರೆಯೋದು ನೀವು, ಮುಳುಗೋದು ನಾವು. ನಾಳೆ ಎಲ್ಲರೂ ಕಾಗದ ಹಿಡ್ಕೊಂಡು ಬಂದು ಸಾಲ ಇಲ್ಲ ಅಂದ್ರೆ ನಾನು ಮಂಡಿ ಸಾಹುಕಾರರಿಗೆ ಏನ್ ಹೇಳ್ಲಿ?"

ನ್ಯಾಯವಾದ ಮಾತು. ಅಂಗಡಿಯವರು ಬಡ್ಡಿಯವರಲ್ಲ, ತೊಗರಿಬೇಳೆ ಕೊಟ್ಟು ಒಂದನೇ ತಾರೀಕಿಗೆ ಕಾಯುವವರು. ಅದಕ್ಕೇ ಹೇಳುವುದು, ಕಣ್ಣುಮುಚ್ಚಿ ಮಾಡುವ ಮನ್ನಾ ಬೇಡ, ನಿಯಮ ಇರುವ ಬಾಗಿಲು ಬೇಕು. ಇಂಗ್ಲೆಂಡಿನಲ್ಲಿ ಹುಕುಂ ಪಡೆದವನ ಹೆಸರು ಸಾರ್ವಜನಿಕ ಪಟ್ಟಿಯಲ್ಲಿ ಬರುತ್ತದೆ. ಒಮ್ಮೆ ಪಡೆದವನು ಆರು ವರ್ಷ ಮತ್ತೆ ಕೇಳುವ ಹಾಗಿಲ್ಲ. ಸಾಲ ಕೊಟ್ಟವನು ತಕರಾರು ಸಲ್ಲಿಸಬಹುದು. ಆಸ್ತಿ ಮುಚ್ಚಿಟ್ಟವನಿಗೆ ಶಿಕ್ಷೆ ಉಂಟು. ಕೋರ್ಟಿನ ದಂಡ, ಮಕ್ಕಳ ಜೀವನಾಂಶ ಇವು ರದ್ದಾಗುವುದಿಲ್ಲ. ನಮ್ಮ ಮನ್ನಾ ಜಾತ್ರೆಯಲ್ಲಿ ಇಷ್ಟು ಬಿಗಿ ಎಲ್ಲಿದೆ?

ಯಜಮಾನರಿಗೆ ಇನ್ನೊಂದು ಮಾತು ಹೇಳಿದೆ. ಸಂಬಳವೋ ವ್ಯಾಪಾರದ ದುಡ್ಡೋ ಕೈಗೆ ಬಂದ ದಿನ ನಿಮ್ಮ ಗಿರಾಕಿ ಮೊದಲು ಕೊಡುವುದು ಯಾರಿಗೆ? ಮನೆ ಮುಂದೆ ನಿಂತು ಕೂಗುವವನಿಗೆ. ಮರ್ಯಾದೆಯಿಂದ ಕಾಯುವ ನಿಮಗೆ ಉಳಿದರೆ ಉಂಟು. ನಿಮ್ಮ ಉದ್ದರಿ ಪುಸ್ತಕ ದಪ್ಪವಾಗುತ್ತಿರುವುದು ಆ ನೂರಕ್ಕೆ ಹತ್ತರ ಬಡ್ಡಿಯಿಂದಲೇ. ಅವರು ತಲೆ ಆಡಿಸಿದರು. ಪುಸ್ತಕ ಒಳಗೆ ಹೋಯಿತು.

ಈಗ ನಮ್ಮ ಜಿಲ್ಲೆಯ ಶಾಸಕರಿಗೆ ಒಂದು ಅರಿಕೆ. ಲೇವಾದೇವಿ ರಾಜ್ಯದ ಅಧಿಕಾರಕ್ಕೆ ಸೇರಿದ ವಿಷಯ, ದೆಹಲಿ ಕಡೆ ಕೈ ತೋರಿಸಬೇಕಾಗಿಲ್ಲ. ಋಣ ಪರಿಹಾರದ ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ವರ್ಷವಿಡೀ ತೆಗೆದುಕೊಳ್ಳುವ ಕಾನೂನು ತನ್ನಿ. ಆದಾಯ ಪತ್ರದ ಬದಲು ಖರ್ಚು ಕಳೆದು ಉಳಿಯುವುದನ್ನು ಅಳೆಯಿರಿ. ಅಂಗಡಿಯವರ ತಕರಾರನ್ನೂ ಕೇಳಿ. ಅರ್ಜಿ ತುಂಬಿಸಲು ದಲ್ಲಾಳಿ ಬೇಡ, ತಿಳಿದ ಗುಮಾಸ್ತರೊಬ್ಬರನ್ನು ಕೂರಿಸಿ.

ಅಲ್ಲಿಯವರೆಗೆ? ಒಂದು ಸಣ್ಣ ದಾರಿ ಇದೆ, ಬಸ್ಸಿನಲ್ಲಿ ಓದುತ್ತಿರುವವರು ಮನೆಗೆ ಹೋಗಿ ಹೇಳಿ. 2025ರ ಫೆಬ್ರವರಿ 12ರಂದು ರಾಜ್ಯದಲ್ಲಿ ಕಿರುಸಾಲ, ಸಣ್ಣ ಸಾಲದ ವಸೂಲಿ ಕಿರುಕುಳ ತಡೆಯುವ ಸುಗ್ರೀವಾಜ್ಞೆ ಬಂತು, ಮುಂದೆ ಅದೇ ಕಾನೂನಾಯಿತು. ಲೈಸೆನ್ಸ್, ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದಂತೆ ಅಂತ ಅದರಲ್ಲಿದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದೂರು ಕೊಟ್ಟರೆ ಪೊಲೀಸರು ತೆಗೆದುಕೊಳ್ಳುವುದಿಲ್ಲ ಅನ್ನುವ ಹಾಗಿಲ್ಲ. ಬಡ್ಡಿಯವನನ್ನು ಕೇಳಬೇಕಾದ ಮೊದಲ ಪ್ರಶ್ನೆ, "ಲೈಸೆನ್ಸ್ ತೋರಿಸಪ್ಪ." ಅದನ್ನು ಕೊಡುವುದು ಸಹಕಾರ ಇಲಾಖೆ. ಕೇಳಲು ಭಯವಾದರೆ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ.

ಮಾರನೇ ಸಂಜೆ ಹೋಗಿ ಸೊಪ್ಪಿನ ಅಕ್ಕನಿಗೆ ಇದನ್ನೇ ಹೇಳಿದೆ. ಕೊತ್ತಂಬರಿಗೆ ನೀರು ಚಿಮುಕಿಸುತ್ತಾ ಪೂರ್ತಿ ಕೇಳಿಸಿಕೊಂಡರು. "ಕಾನೂನು ಚೆನ್ನಾಗದೆ ಅಣ್ಣ. ಆದ್ರೆ ನಾಳೆ ಬೆಳಗಿನ ಜಾವ ಸೊಪ್ಪು ಎತ್ತಕ್ಕೆ ದುಡ್ಡು ಬೇಕಲ್ಲ. ಅವನ ಮೇಲೆ ದೂರು ಕೊಟ್ಟು ಯಾರ ಹತ್ರ ಹೋಗ್ಲಿ?" ಅಂದರು. ಆ ಹಳೇ ಅರ್ಜಿಯನ್ನು ಮತ್ತೆ ಮಡಿಚಿ ಎಲೆ ಅಡಿಕೆ ಚೀಲಕ್ಕೆ ಸೇರಿಸಿದರು.

ಬೀದಿ ವ್ಯಾಪಾರಿಗಳಿಗೆ ಬಡ್ಡಿ ಇಲ್ಲದ ಸಾಲ ಕೊಡುವ 'ಬಡವರ ಬಂಧು' ಅಂತ ಒಂದು ಯೋಜನೆ 2018ರಲ್ಲಿ ಬಂದಿತ್ತು. ಕೇಂದ್ರದ ಸ್ವನಿಧಿ 2020ರಲ್ಲಿ ಬಂತು. ಆಕೆಯ ಪ್ರಶ್ನೆಗೆ ಅದು ಉತ್ತರವಾಗಬೇಕಿತ್ತು. ಬೆಳಗಿನ ಜಾವದ ಆ ದುಡ್ಡು ಈಗಲೂ ಬಡ್ಡಿಯವನ ಜೇಬಿನಿಂದಲೇ ಬರುತ್ತಿದೆ ಅಂದರೆ, ಋಣಮುಕ್ತಿಯ ಬಾಗಿಲಿನ ಪಕ್ಕದಲ್ಲೇ ನ್ಯಾಯದ ಸಾಲದ ಬಾಗಿಲೂ ತೆರೆದಿರಬೇಕು ಎಂದಾಯಿತು. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದರೆ ಗಾಳಿಯಾಡುವುದಿಲ್ಲ. ವಿಧಾನಸೌಧದವರಿಗೆ ಇದು ತಿಳಿಯದ ವಿಷಯವೇ? ಏನಂತೀರಿ?