ಲೇಸರ್ ಖರೀದಿಗೆ ಮುನ್ನ ಪದರದ ಪರೀಕ್ಷೆ

ಅತಿಹ್ರಸ್ವ ಲೇಸರ್ ಪಲ್ಸ್‌ಗಳನ್ನು ಪ್ರಬಲಗೊಳಿಸುವ ವಿಧಾನವನ್ನು ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮುರೂ 1985ರಲ್ಲಿ ಪ್ರಕಟಿಸಿದರು. 2018ರಲ್ಲಿ ಅದಕ್ಕಾಗಿ ನೊಬೆಲ್ ಪುರಸ್ಕಾರ ಪಡೆದರು. ಅಂದು ಪ್ರಯೋಗಾಲಯಕ್ಕೆ ಸೀಮಿತವಾಗಿದ್ದ ಈ ತಂತ್ರಜ್ಞಾನವು ಇಂದು ಕಾರ್ಖಾನೆಯನ್ನು ಪ್ರವೇಶಿಸಿದೆ. ಗಾಜು ಅಥವಾ ಪ್ಲಾಸ್ಟಿಕ್ ಮೇಲಿನ ಲೋಹದ ತೆಳುಪದರವನ್ನು ಬೇಕಾದ ವಿನ್ಯಾಸಕ್ಕೆ ತೆಗೆಯಬೇಕಾದ ಸಣ್ಣ ಉದ್ಯಮಿಗಳಿಗೂ ಇದರ ಆಕರ್ಷಣೆ ಸಹಜ. ಆದರೆ ಹೂಡಿಕೆ ಸಣ್ಣದಲ್ಲ. ಮಾರಾಟಗಾರರ ಪತ್ರಿಕೆಯಲ್ಲಿನ ವ್ಯಾಟ್ ಸಂಖ್ಯೆಯೊಂದನ್ನೇ ನಂಬಿ ಸಾಲ ಮಾಡುವುದು ವಿವೇಕವೆನಿಸದು.

ಇಲ್ಲಿ ಶಕ್ತಿಯಷ್ಟೇ ಕಾಲವೂ ಮುಖ್ಯ. ಹತ್ತು ನ್ಯಾನೊಸೆಕೆಂಡ್‌ಗಳಲ್ಲಿ ತಾಮ್ರದೊಳಗೆ ಶಾಖವು ಸುಮಾರು 2 ಮೈಕ್ರೋಮೀಟರ್ ದೂರ ಹರಡಬಲ್ಲದು. ಪದರದ ದಪ್ಪ ಕೇವಲ 0.1 ಮೈಕ್ರೋಮೀಟರ್ ಇದ್ದಾಗ, ಪಲ್ಸ್ ಮುಗಿಯುವ ಮೊದಲೇ ಶಾಖವು ಕೆಳಗಿನ ಆಧಾರವನ್ನು ತಲುಪುತ್ತದೆ; ಅಂಚು ಕರಗುತ್ತದೆ, ಪ್ಲಾಸ್ಟಿಕ್ ಸುಡುತ್ತದೆ. ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗ. ಅದಕ್ಕಿಂತ ಕಡಿಮೆ ಅವಧಿಯ ಪಲ್ಸ್ ಬಿದ್ದಾಗ ಲೋಹದ ಎಲೆಕ್ಟ್ರಾನ್‌ಗಳು ಮೊದಲು ಬಿಸಿಯಾಗುತ್ತವೆ. ಪರಮಾಣುಗಳು ಅನಂತರ ಬಿಸಿಯಾಗುತ್ತವೆ. ಶಾಖ ಹರಡಲು ಅವಕಾಶ ದೊರೆಯುವ ಮುನ್ನವೇ ಲೋಹ ಕಿತ್ತುಹೋಗುತ್ತದೆ.

ಆದರೂ ಇದು ಎಲ್ಲ ಲೋಹಕ್ಕೂ ಒಂದೇ ಬಗೆಯಲ್ಲಿ ನಡೆಯುವುದಿಲ್ಲ. ಬಿಸಿ ಎಲೆಕ್ಟ್ರಾನ್‌ಗಳು ನಿಕಲ್‌ಗಿಂತ ಚಿನ್ನದಲ್ಲಿ ಹೆಚ್ಚು ದೂರ ಸಾಗುತ್ತವೆ. ಹೀಗಾಗಿ ಪದರದ ದಪ್ಪ ಬದಲಾದರೆ ಅದನ್ನು ತೆಗೆಯಲು ಬೇಕಾದ ಕನಿಷ್ಠ ಶಕ್ತಿಯೂ ಬದಲಾಗಬಹುದು. ಗಾಜಿನ ಮೇಲಿನ ಮಾಲಿಬ್ಡಿನಮ್ ಪದರಕ್ಕೆ ಗಾಜಿನ ಬದಿಯಿಂದ ಪಲ್ಸ್ ಹಾಯಿಸಿದರೆ, ಪದರವು ಪೂರ್ಣ ಆವಿಯಾಗದೆ ಬಿಲ್ಲೆಯಂತೆ ಎದ್ದುಬರುತ್ತದೆ, ಶಕ್ತಿಯೂ ಉಳಿಯುತ್ತದೆ. ಆಧಾರಕ್ಕೆ ಪದರ ಎಷ್ಟು ಬಲವಾಗಿ ಅಂಟಿದೆ ಎಂಬುದೂ ಅಂಚಿನ ಗುಣಮಟ್ಟವನ್ನು ನಿರ್ಧರಿಸುತ್ತದೆ. ಇನ್ನು ಉತ್ಪಾದನೆಯ ವೇಗ ಹೆಚ್ಚಿಸಲು ಪಲ್ಸ್‌ಗಳನ್ನು ಒಂದೇ ಸ್ಥಳದಲ್ಲಿ ತೀರ ಒತ್ತೊತ್ತಾಗಿ ಹಾಯಿಸಿದರೆ ಶಾಖ ಸಂಗ್ರಹವಾಗಿ, ದುಬಾರಿ ಯಂತ್ರದ ಪ್ರಯೋಜನವೇ ಕುಂದುತ್ತದೆ.

ಆದ್ದರಿಂದ ಖರೀದಿ ಆದೇಶಕ್ಕೆ ಮುನ್ನ ತಮ್ಮದೇ ಪದರ, ತಮ್ಮದೇ ಆಧಾರ, ತಮ್ಮದೇ ಉತ್ಪಾದನಾ ವೇಗದಲ್ಲಿ ಮಾದರಿ ಪರೀಕ್ಷೆ ಮಾಡಿಸುವ ಷರತ್ತನ್ನು ಉದ್ಯಮಿಗಳು ವಿಧಿಸಬೇಕು. ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಪ್ರತಿ ಬಿಡಿಭಾಗದ ವೆಚ್ಚವನ್ನು ನ್ಯಾನೊಸೆಕೆಂಡ್ ಯಂತ್ರದೊಂದಿಗೆ ಹೋಲಿಸಬೇಕು. ಒರಟು ಅಂಚನ್ನು ಗ್ರಾಹಕ ಒಪ್ಪುವಲ್ಲಿ ಅಗ್ಗದ ಯಂತ್ರವೇ ಸಾಕು. ಒಬ್ಬೊಬ್ಬರಿಗೆ ಭಾರವಾಗುವ ಪರೀಕ್ಷೆಯನ್ನು ಹತ್ತು ಘಟಕಗಳು ಕೂಡಿ ಮಾಡಿಸಿದರೆ ಹಗುರವಾಗುತ್ತದೆ. ಅಂತಹ ಒಕ್ಕೂಟಕ್ಕೆ ವಾಣಿಜ್ಯ ಸಂಸ್ಥೆಗಳು ಮುಂದಾಗುವುದು ಉಚಿತ. ಪರೀಕ್ಷೆಗೆ ತಗಲುವ ವೆಚ್ಚ ಒಮ್ಮೆಯದು. ತಪ್ಪು ಯಂತ್ರದ ಕಂತು ವರ್ಷಗಳ ಹೊರೆ.