ಯಾವ ಪಟ್ಟಿಯಲ್ಲೂ ಇಲ್ಲದ ಮಕ್ಕಳು

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಾಗ, ಮನೆಯೊಳಗಿರುವುದೇ ಕ್ಷೇಮವೆಂದು ಸರಕಾರ ಸಾರಿತು. ಇಗರ್ಜಿಗಳ ಬಾಗಿಲು ಮುಚ್ಚಿ ನಾವೂ ಅದನ್ನೇ ಹೇಳಿದೆವು. ತಂದೆ ಅಥವಾ ತಾಯಿ ತೀವ್ರ ಮನೋರೋಗದಿಂದ ಬಳಲುತ್ತಿರುವ ಮನೆಯ ಮಕ್ಕಳಿಗೆ ಆ ಮಾತು ಹೇಗೆ ಕೇಳಿಸಿತೆಂದು ಆಗ ಯೋಚಿಸಲಿಲ್ಲ.

ಅಂತಹ ಮನೆಗಳು ವಿರಳವೇನಲ್ಲ. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಅಸ್ವಸ್ಥತೆಯಿತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಇಂತಹ ಮಗುವಿಗೆ ಶಾಲೆಯೆಂದರೆ ಪಾಠ ಮಾತ್ರವಲ್ಲ. ಕೆಲವು ಗಂಟೆಗಳ ಬಿಡುವು, ಮಧ್ಯಾಹ್ನದ ಊಟ, ಮುಖ ಬಾಡಿದ್ದರೆ ಕಾರಣ ಕೇಳುವ ಒಬ್ಬ ಟೀಚರ್. ಇವೆಲ್ಲ ಒಮ್ಮೆಲೇ ಇಲ್ಲವಾದವು. ಬಸ್ಸು ನಿಂತಿತು, ದೂರದ ಆಸ್ಪತ್ರೆಯಿಂದ ತರುವ ಮಾತ್ರೆ ತಪ್ಪಿತು. ಕ್ಲೊಜಾಪಿನ್‌ನಂತಹ ಔಷಧಿ ಸೇವಿಸುವವರಿಗೆ ಕಾಲಕಾಲಕ್ಕೆ ರಕ್ತಪರೀಕ್ಷೆಯೂ ಅಗತ್ಯ. ಮಾತ್ರೆ ತಪ್ಪಿದಾಗ ರೋಗ ಮರುಕಳಿಸುವುದು ಮೊದಲು ತಿಳಿಯುವುದು ವೈದ್ಯರಿಗಲ್ಲ, ರಾತ್ರಿ ಪಕ್ಕದ ಕೋಣೆಯಲ್ಲಿ ಹೆಜ್ಜೆ ಸಪ್ಪಳ ಕೇಳುತ್ತ ಮಲಗಿರುವ ಮಗುವಿಗೆ.

ಇನ್ನೊಂದು ವಿಚಿತ್ರ ಸಂಕಟವೂ ಇತ್ತು. ಪದೇ ಪದೇ ಕೈತೊಳೆಯಿರಿ, ಹೊರಗಿನವರಿಂದ ದೂರವಿರಿ ಎಂದು ರೇಡಿಯೋ, ಟಿ.ವಿ. ಹಗಲಿರುಳೂ ಹೇಳುತ್ತಿದ್ದವು. ಅತಿಶಂಕೆಯಿಂದ ನರಳುವ ತಾಯಿ ಹೇಳುತ್ತಿದ್ದುದೂ ಅದನ್ನೇ. ನಿಯಮ ಎಲ್ಲಿ ಮುಗಿಯಿತು, ರೋಗ ಎಲ್ಲಿ ಆರಂಭವಾಯಿತು ಎಂಬ ವಿವೇಚನೆ ದೊಡ್ಡವರಿಗೇ ಕಷ್ಟವಾಗಿದ್ದಾಗ ಹದಿನಾರರ ಹುಡುಗಿ ಏನು ಮಾಡಬೇಕಿತ್ತು?

ಹಾಗೆ ಪಿಯುಸಿ ಓದುತ್ತಿದ್ದ ಒಬ್ಬಳು ನಮ್ಮ ಧರ್ಮಕೇಂದ್ರದಲ್ಲೇ ಇದ್ದಳು. ದಿನಸಿಯ ಚೀಲವನ್ನು ಗೇಟಿನ ಬಳಿ ಇಟ್ಟು, "ಮನೆಯಲ್ಲಿ ಎಲ್ಲರೂ ಸೌಖ್ಯವೇ?" ಎಂದು ವಿಚಾರಿಸಿದೆವು. "ಸೌಖ್ಯ, ಫಾದರ್" ಎಂದಳು. ನಮಗೆ ಅಷ್ಟು ಸಾಕಾಯಿತು. ಆ ಅಕ್ಕಿಯಲ್ಲಿ ವಿಷವಿದೆಯೆಂದು ತಾಯಿ ಅದನ್ನು ಬಾವಿಕಟ್ಟೆಯ ಬಳಿ ಚೆಲ್ಲಿದ್ದು, ತಮ್ಮನಿಗೆ ಉಣಿಸಲು ಹುಡುಗಿ ನೆರೆಮನೆಯಿಂದ ಸುಳ್ಳು ಹೇಳಿ ಅಕ್ಕಿ ತಂದದ್ದು ನಮಗೆ ತಿಳಿದುದು ವರ್ಷ ಕಳೆದ ಮೇಲೆ. ಏಕೆ ಹೇಳಲಿಲ್ಲವೆಂದು ಕೇಳಿದಾಗ, "ಅಮ್ಮನನ್ನು ಕರೆದುಕೊಂಡು ಹೋಗಿಬಿಡುತ್ತಾರೆಂದು ಹೆದರಿದೆ" ಎಂದಳು. ಮುಂದೆ ಸಂಬಂಧ ಕೂಡಿಬರಲಿಕ್ಕಿಲ್ಲವೆಂಬ ಹಿರಿಯರ ಭಯವೂ ಅವಳ ಬಾಯಿ ಕಟ್ಟಿತ್ತು.

ಕೊರೋನಾದಿಂದ ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗಾಗಿ 2021ರಲ್ಲಿ ಕೇಂದ್ರವೂ ರಾಜ್ಯವೂ ಯೋಜನೆಗಳನ್ನು ಪ್ರಕಟಿಸಿದವು. ಅದು ಯುಕ್ತವೇ. ಆದರೆ ತಾಯಿ ಬದುಕಿದ್ದೂ ತಾಯಿಗೆ ತಾಯಾಗಬೇಕಾದವರು ಆ ಪಟ್ಟಿಗಳಲ್ಲಿ ಸೇರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೆ ರೋಗಿಯ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿ ಅಪ್ರಾಪ್ತ ವಯಸ್ಕನಾಗಿರಕೂಡದು. ಕಾನೂನಿನ ಉದ್ದೇಶ ಸರಿಯೇ. ಆದರೆ ಮಗು ಈಗಾಗಲೇ ಹೊತ್ತಿರುವ ಹೊರೆ ಅದರಿಂದ ಇಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಇಂತಹ ಮಕ್ಕಳ ಅಗತ್ಯಗಳನ್ನು ಪರಿಶೀಲಿಸುವ ಹೊಣೆಯನ್ನು 2014ರ ಕಾಯಿದೆ ಸ್ಥಳೀಯ ಆಡಳಿತಕ್ಕೆ ವಹಿಸಿದೆ.

ನಮ್ಮಲ್ಲಿ 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416, ಕನ್ನಡದಲ್ಲೂ ಮಾತನಾಡಬಹುದು, ಮನೆಯವರೂ ಕರೆಮಾಡಬಹುದು. ಈ ಸಂಖ್ಯೆಯನ್ನು ಇಗರ್ಜಿಯ ಸೂಚನಾ ಫಲಕದಲ್ಲಿ ಬರೆಸಿದ್ದೇವೆ. ಮನೆಭೇಟಿಗೆ ಹೋದಾಗ ಗೇಟಿನಲ್ಲೇ ನಿಲ್ಲದೆ ಒಳಗೆ ಕುಳಿತು, ಅಮ್ಮನ ಮಾತ್ರೆ ಎಷ್ಟು ದಿನಕ್ಕೆ ಉಳಿದಿದೆ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಮಕ್ಕಳನ್ನೂ ಕೇಳುತ್ತಿದ್ದೇವೆ.